ಲ್ಯಾಪ್‌ಟಾಪಿನಲ್ಲಿ ತುಂಬಿದ ಟ್ಯಾಂಕು

ನಮ್ಮ ಪೇಟೆಯ ಕುಡಿಯುವ ನೀರಿನ ಟ್ಯಾಂಕು ಬಿರುಕು ಬಿಟ್ಟು ಎರಡು ವರ್ಷವಾಗಿತ್ತು. ಅದರಲ್ಲಿ ಒಂದು ತೊಟ್ಟು ನೀರೂ ನಿಲ್ಲುತ್ತಿರಲಿಲ್ಲ. ರಿಪೇರಿ ಮಾಡಿಸಿ ಎಂದು ಅರ್ಜಿ ಕೊಟ್ಟು ಕೊಟ್ಟು ನೀರುಗಂಟಿ ದ್ಯಾವೀರಪ್ಪನಿಗೆ ಸಾಕಾಗಿತ್ತು.

ಕೊನೆಗೂ ಎಂಜಿನಿಯರ್ ಸಾಹೇಬರು ಬಂದರು. ಟ್ಯಾಂಕಿನ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಅದರ ನೆರಳಲ್ಲೇ ಕುರ್ಚಿ ಹಾಕಿಸಿಕೊಂಡು ಲ್ಯಾಪ್‌ಟಾಪ್ ತೆರೆದರು. ದ್ಯಾವೀರಪ್ಪನನ್ನು ಕರೆದು ಪರದೆ ತೋರಿಸಿದರು. ಅದರ ಮೇಲೆ ಟ್ಯಾಂಕಿನ ಚಿತ್ರ. ಒಳಗೆ ನೀಲಿ ನೀರು ಗಿರಗಿರನೆ ಸುತ್ತುತ್ತಿತ್ತು.

"ಹಳೇ ನಕ್ಷೆ ಹಾಕಿ ಲೆಕ್ಕ ಮಾಡಿದ್ದೀನಿ. ನೀರು ಮೂಲೆಮೂಲೆಗೂ ಹರೀತಿದೆ. ಟ್ಯಾಂಕು ಸರಿಯಾಗಿದೆ ಅಂತ ಸಹಿ ಹಾಕು. ಇಲ್ಲದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಬಿರುಕು ಬಿಟ್ಟಿದೆ ಸಾರ್..."

"ಕಂಪ್ಯೂಟರಿಗಿಂತ ನಿನಗೆ ಜಾಸ್ತಿ ಗೊತ್ತೇನಯ್ಯಾ?"

ದ್ಯಾವೀರಪ್ಪ ಸಹಿ ಹಾಕಿದ. "ಈಗ ಎಷ್ಟು ನೀರಿದೆ ಸಾರ್?"

"ಐವತ್ತು ಸಾವಿರ ಲೀಟರ್!"

ದ್ಯಾವೀರಪ್ಪ ಜೇಬಿನಿಂದ ಸೀಟಿ ತೆಗೆದು ಜೋರಾಗಿ ಊದಿದ. ಹಿಂದೆ ನೀರು ಬಿಡುವಾಗ ಊದುತ್ತಿದ್ದ ಸೀಟಿ ಅದು. ಐದೇ ನಿಮಿಷದಲ್ಲಿ ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ಓಡಿ ಬಂದರು.

"ಐವತ್ತು ಸಾವಿರ ಲೀಟರ್ ಇದೆಯಂತೆ ಕಣ್ರವ್ವಾ. ಎರಡು ವರ್ಷದಿಂದ ನನಗೆ ಸಿಗದ ನೀರು ಸಾಹೇಬ್ರಿಗೆ ಸಿಕ್ಕಿದೆ. ಸಾಲಾಗಿ ನಿಂತು ಹಿಡ್ಕೊಳ್ಳಿ."

ಸಾಲಿನಲ್ಲಿ ಮೊದಲು ನಿಂತವಳು ಹೊನ್ನಜ್ಜಿ. ಪರದೆಗೆ ಮೂಗು ತಾಗಿಸಿ ನೋಡಿದಳು. "ಎಷ್ಟು ತಿಳಿಯಾಗೈತಪ್ಪಾ!" ಎಂದು ಕೊಡವನ್ನು ಲ್ಯಾಪ್‌ಟಾಪಿನ ಅಂಚಿಗೆ ಹಿಡಿದಳು. "ಒಂಚೂರು ಬಗ್ಗಿಸಿ, ಸ್ವಾಮಿ."

ಹಿಂದಿನ ಸಾಲೆಲ್ಲ ಗೊಳ್ಳೆಂದಿತು. ಸಾಹೇಬರು ಬೆವರು ಒರೆಸಿಕೊಂಡು, ಸಹಿ ಹಾಕಿಸಿದ್ದ ಕಾಗದವನ್ನು ಹರಿದರು. "ಆ ರಿಪೇರಿ ಅರ್ಜಿ ಕೊಡಯ್ಯಾ," ಎನ್ನುತ್ತ ಲ್ಯಾಪ್‌ಟಾಪ್ ಮುಚ್ಚಲು ಹೋದರು.

ಹೊನ್ನಜ್ಜಿ ಕೈ ಅಡ್ಡ ಹಿಡಿದಳು. "ತಡೀರಿ ಸ್ವಾಮಿ, ನನ್ನ ಕೊಡ ಇನ್ನೂ ತುಂಬಿಲ್ಲ!"