ಕೊರಡಿನ ಕೆಳಗಿನ ರಾಗಿ ಪೈರು

ಗೇಣುದ್ದದ ರಾಗಿ ಪೈರಿನ ಮೇಲೆ ಎತ್ತು ಹೂಡಿ ಮರದ ಕೊರಡು ಎಳೆಸುವುದು ನಮ್ಮ ಸೀಮೆಯ ಪದ್ಧತಿ ಕಣ್ರಪ್ಪಾ. ಹಾಗೆ ಕೊರಡು ಬರುವುದನ್ನು ಕಂಡು ಒಂದು ಎಳೆ ಪೈರು ಅತ್ತಿತು.

"ಕೊರಡಣ್ಣಾ, ನನ್ನನ್ನು ಬಿಟ್ಟು ಹೋಗು. ಬಿದ್ದರೆ ಸತ್ತೇ ಹೋಗುತ್ತೇನೆ."

"ಬೇರು ಹಿಡಿದಿದೆಯೇನವ್ವಾ?" ಎಂದಿತು ಕೊರಡು.

"ಹಿಡಿದಿದೆ. ಆದರೂ ಭಯ."

"ನನಗೂ ಭಯವೇ ಕಣೇ," ಎಂದಿತು ಪಕ್ಕದ ಪೈರು. "ಬಾ, ಒಟ್ಟಿಗೇ ಬಾಗೋಣ."

ಕೊರಡು ಹಾದುಹೋಯಿತು. ಎರಡೂ ನೆಲಕ್ಕೊರಗಿದವು.

ಮೂರನೇ ದಿನ ಪಕ್ಕದ ಪೈರು ತಲೆಯೆತ್ತಿ, "ಎದ್ದೆಯೇನೇ?" ಎಂದು ಕೇಳಿತು.

"ಇಲ್ಲ, ಸೊಂಟ ನೋಯುತ್ತಿದೆ. ನಾಚಿಕೆಯೂ ಆಗುತ್ತಿದೆ."

"ನಾಚಿಕೆ ಯಾಕೆ? ಮಲಗಿರು. ನಾನು ಇಲ್ಲೇ ಇದ್ದೀನಿ, ಮಾತಾಡುತ್ತಿರೋಣ."

ಎಂಟನೇ ದಿನ ಎಳೆ ಪೈರು ಎದ್ದಿತು. ಕೊರಡು ಒತ್ತಿ ಹೋಗಿದ್ದ ಅದರ ಬುಡದಲ್ಲೇ ನಾಲ್ಕು ಹೊಸ ತೆಂಡೆಗಳು, ಅಂದರೆ ಮರಿ ಪೈರುಗಳು, ಚಿಗುರಿ ನಿಂತಿದ್ದವು.

"ಅಯ್ಯೋ ನಿನ್ನ, ಮಲಗಿದವಳು ಒಬ್ಬಳು, ಎದ್ದವರು ಐವರು ಕಣೇ!" ಎಂದು ಪಕ್ಕದ ಪೈರು ನಕ್ಕಿತು.