ತಣ್ಣಗಾಗಬಾರದ ಮಣೆಗಳು

ಒಂದಾನೊಂದು ಊರಿನಲ್ಲಿ ಒಬ್ಬ ದೊರೆಯಿದ್ದ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ಅರಮನೆಯ ಆಳುಗಳು ಕೂರುವ ಮಣೆಗಳು ಬೆಚ್ಚಗಿರಬೇಕು, ಅಷ್ಟೇ. ಬೆಳಗಾದರೆ ಕೈ ಮಗುಚಿ, ಜ್ವರ ನೋಡುವಂತೆ, ಒಂದೊಂದು ಮಣೆಯನ್ನೂ ಮುಟ್ಟಿ ನೋಡುವನು. ಯಾವುದಾದರೂ ತಣ್ಣಗಿದ್ದರೆ ರಾಜ್ಯಕ್ಕೆಲ್ಲ ನೆಗಡಿ. ಆದ್ದರಿಂದ ಅಲ್ಲಿ ಒಂದು ಕಟ್ಟಳೆ: ಒಬ್ಬರು ಎದ್ದು ಹೋದರೆ ಪಕ್ಕದವರು ಆ ಮಣೆಯ ಮೇಲೂ ಕೂರಬೇಕು, ತಮ್ಮ ಮಣೆಯನ್ನೂ ಬಿಡಬಾರದು.

ಆ ಅರಮನೆಯಲ್ಲಿ ದೀಪದ ಬತ್ತಿ ಹೊಸೆಯುವ ಹೊನ್ನವ್ವ ಇದ್ದಳು. ಬೆಟ್ಟದ ಹಿಂದಿನ ಊರಿನಲ್ಲಿ ಅವಳ ಮಗಳು ಚೆನ್ನಾಜಿ ತುಂಬು ಬಸುರಿ. ಚೊಚ್ಚಲು. ನೋವು ಬಂದಾಗ ಪಕ್ಕದಲ್ಲಿರುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಳು.

ಮೊದಲು ಹೋದವನು ಅಡುಗೆಯ ಕೆಂಚಣ್ಣ. ಪಕ್ಕದ ರಾಜ್ಯದಲ್ಲಿ ಮಣೆಗೆ ಹತ್ತಿಯ ಮೆತ್ತೆ ಹಾಸುತ್ತಾರಂತೆ ಎಂದು ಕೇಳಿ, ತಾನಾಗಿಯೇ ಎದ್ದು ಹೋದ. ಅವನ ಮಣೆ ಅತ್ತಿತು. ಹೊನ್ನವ್ವ ಅದನ್ನು ಎಳೆದುಕೊಂಡು ಅರ್ಧ ಇತ್ತ, ಅರ್ಧ ಅತ್ತ ಕೂತಳು. ಬತ್ತಿಯನ್ನೂ ಹೊಸೆದಳು, ಸಾರನ್ನೂ ಕುದಿಸಿದಳು.

ಆಮೇಲೆ ಬೀಸಣಿಗೆಯ ತಿಪ್ಪಯ್ಯ. ಗಾಳಿ ಬೀಸಿ ಮಣೆಗಳನ್ನು ತಣ್ಣಗೆ ಮಾಡುತ್ತಾನೆಂದು ದೊರೆಯೇ ಅವನನ್ನು ಓಡಿಸಿದ.

"ಬೀಸು ಅಂದವರೂ ನೀವೇ ಅಲ್ಲವೇ ಬುದ್ಧಿ?" ಎಂದ ತಿಪ್ಪಯ್ಯ.

"ಬೀಸು ಅಂದೆ. ಗಾಳಿ ಬರಿಸು ಅಂದೆನೇ?" ಎಂದ ದೊರೆ.

ಆ ಮಣೆಯೂ ಹೊನ್ನವ್ವನ ಪಾಲಿಗೆ ಬಂತು.

ಕಸ ಗುಡಿಸುವ ಸಂಕಜ್ಜಿ ಮುದುಕಿಯಾಗಿ ಮುದುಕಿಯಾಗಿ ಅಡಿಕೆಯಷ್ಟಾದಳು. ದುಡಿದದ್ದು ಸಾಕೆಂದು ಗೌರವದಿಂದ ಶಾಲು ಹೊದಿಸಿದರು. ಶಾಲಿನ ಮಡಿಕೆಯಲ್ಲಿ ಅವಳು ಕಳೆದೇ ಹೋದಳು. ಬಾಗಿಲು ಕಾಯುವ ಭೀಮಯ್ಯ ಕೂತಲ್ಲೇ ಸತ್ತ. ಸಂಜೆಯವರೆಗೆ ಮಣೆ ಬೆಚ್ಚಗಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. "ಇವನಂಥ ಆಳು ಇನ್ನೊಬ್ಬನಿಲ್ಲ, ಎದುರಾಡುವುದೇ ಇಲ್ಲ" ಎಂದು ದೊರೆ ಹೊಗಳಿದ.

ಕೊನೆಗೆ ಉಳಿದವಳು ಹೊನ್ನವ್ವ ಒಬ್ಬಳೇ. ಮಣೆಯಿಂದ ಮಣೆಗೆ ಜರುಗಿ ಜರುಗಿ ಕೂರುತ್ತಿದ್ದಳು. ಆಗ ಬೆಟ್ಟದ ಹಿಂದಿನಿಂದ ಕಾಗೆಯೊಂದು ಬಂತು. "ಚೆನ್ನಾಜಿಗೆ ನೋವು ಶುರುವಾಯಿತು ಕಣವ್ವ."

ಹೊನ್ನವ್ವ ದೊರೆಗೆ ಕೈಮುಗಿದಳು. "ಬುದ್ಧಿ, ನನ್ನನ್ನು ಬಿಟ್ಟುಬಿಡಿ."

"ಹೇಗೆ ಬಿಡಲಿ? ನೀನಾಗಿ ಹೋದರೆ ದ್ರೋಹ. ಓಡಿಸೋಣವೆಂದರೆ ನಿನ್ನಲ್ಲಿ ತಪ್ಪಿಲ್ಲ. ಮುದುಕಿಯಾಗಿಲ್ಲ. ಸತ್ತಿಲ್ಲ."

ಹೊನ್ನವ್ವ ಪಾಯಸಕ್ಕೆ ಹಿಡಿ ಹಿಡಿ ಉಪ್ಪು ಸುರಿದಳು. ದೊರೆ ಕಣ್ಣೀರಿಡುತ್ತ ಕುಡಿದು, "ಚೆನ್ನಾಗಿದೆ" ಎಂದ. ತಲೆಗೆ ಬೂದಿ ಬಳಿದುಕೊಂಡು ಮುದುಕಿಯಾದಳು. "ನಿನ್ನ ಭಾರ ನನಗೆ ಗೊತ್ತಿಲ್ಲವೇ? ಇನ್ನೂ ಗಟ್ಟಿಯಿದ್ದೀಯೆ" ಎಂದಿತು ಮಣೆ. ಕಣ್ಣು ಮುಚ್ಚಿ ಹೆಣವಾದಳು. "ಉಸಿರಾಡ್ತಿದ್ದೀಯಲ್ಲೇ" ಎಂದಿತು ಮಣೆ.

ಆಗ ಅವಳು ಮಣೆಗಳನ್ನೆಲ್ಲ ಹಗ್ಗದಿಂದ ಬಿಗಿದು ಸೊಂಟಕ್ಕೆ ಕಟ್ಟಿಕೊಂಡು, ಕೂತಂತೆಯೇ ತೆವಳಿದಳು.

"ಎದ್ದೆಯಾ?" ಎಂದು ದೊರೆ ಕೂಗಿದ.

"ಇಲ್ಲ ಬುದ್ಧಿ, ಕೂತೇ ಇದ್ದೇನೆ."

ಕೂತವಳನ್ನು ಹೋದಳೆನ್ನಲು ಕಟ್ಟಳೆಯಲ್ಲಿ ದಾರಿಯಿರಲಿಲ್ಲ.

ತೆವಳಿ ತೆವಳಿ ಬೆಟ್ಟ ಹತ್ತಿದಳು, ತೆವಳಿ ತೆವಳಿ ಇಳಿದಳು. ಮಗಳ ಮನೆಯ ಒಲೆ ಆರಿತ್ತು. ನೆರೆಯವಳು ಹೇಳಿದಳು: "ಹೆತ್ತಾಯಿತಲ್ಲಕ್ಕ, ಒಬ್ಬಳೇ. ಅವ್ವ ಯಾಕೆ ಬರಲಿಲ್ಲವೋ ಎಂದು ಕೂಸನ್ನೆತ್ತಿಕೊಂಡು ಅರಮನೆಗೇ ಹೋದಳು. ನಿನಗೆ ಸಿಗಲಿಲ್ಲವೇ?"

ನಡೆಯುವವರ ದಾರಿ ಬೇರೆ, ತೆವಳುವವರ ದಾರಿ ಬೇರೆ. ಹೊನ್ನವ್ವ ತೆವಳಿ ತೆವಳಿ ಹಿಂತಿರುಗಿದಳು.

ಅಷ್ಟರಲ್ಲಿ ದೊರೆ ಹೊಸ ಮಣೆಗಳನ್ನು ಮಾಡಿಸಿದ್ದ. ಹಸಿ ಬಾಣಂತಿಯನ್ನು ಕಂಡು, "ಸುಸ್ತಾಗಿದ್ದೀಯೆ, ಒಂದು ಗಳಿಗೆ ಕೂತ್ಕೋ ತಾಯಿ" ಎಂದಿದ್ದ. ಚೆನ್ನಾಜಿ ಕೂತಿದ್ದಳು.

"ಒಳಗೆ ಬಿಡಿ ಬುದ್ಧಿ" ಎಂದು ಹೊನ್ನವ್ವ ಹೊರಗಿನಿಂದ ಬಾಗಿಲು ಬಡಿದಳು.

"ನೀನು ಹೋಗಿಯೇ ಇಲ್ಲವಲ್ಲ. ಹೋಗದವಳು ಬರುವುದು ಹೇಗೆ?"

"ಚೆನ್ನಾಜಿ! ಎದ್ದು ಬಾರೇ ಮಗಳೇ!"

"ಬಂದೆ ಇರವ್ವ," ಎಂದಿತು ಒಳಗಿನ ದನಿ. "ಇದೊಂದು ಬತ್ತಿ ಹೊಸೆದು ಬರ್ತೀನಿ."

ಕೂಸಿಗೆ ತೊಟ್ಟಿಲು ಬೇಡ, ಪುಟ್ಟ ಮಣೆ ಮಾಡು ಎಂದು ದೊರೆ ಬಡಗಿಗೆ ಹೇಳುತ್ತಿದ್ದ.

ಕತೆಯ ನೀತಿ ಇಷ್ಟೇ: ಒಂದು ಗಳಿಗೆ ಕೂರು ಎನ್ನುವವರ ಮನೆಯಲ್ಲಿ ನಿಂತೇ ನೀರು ಕುಡಿಯಿರಿ. ಕತೆ ಅಲ್ಲಿ ಕೂತಿತು, ನಾನು ಇಲ್ಲಿ ನಿಲ್ಲಿಸಿದೆ. ನೀವೂ ಇನ್ನು ಏಳಬಹುದು, ನಿಮ್ಮ ಜಾಗದಲ್ಲಿ ಯಾರಾದರೂ ಕೂತರೆ.