ಮಲಗಿಸಿದ ಹುಟ್ಟು

"ಗುರುಗಳೇ, ಕೆಲಸವಿಲ್ಲದವರು ಊರ ತುಂಬ ಇದ್ದಾರೆ ಎಂದು ಡಂಗುರದವನು ಸಾರುತ್ತಾನೆ. ನಮ್ಮ ಮಠದ ದಾಸೋಹದಲ್ಲಿ ನೋಡಿದರೆ ಉಣ್ಣುವವರ ಪಂಕ್ತಿ ದಿನೇದಿನೇ ಚಿಕ್ಕದಾಗುತ್ತಿದೆ. ಇವೆರಡರಲ್ಲಿ ಸುಳ್ಳು ಯಾವುದು?"

ಕೇಳಿದವನು ಶಿಷ್ಯ ಅಡವಯ್ಯ. ದಾಸೋಹದ ಬಾಗಿಲು ಕಾಯುವ ಹೊಣೆ ಈಚೆಗೆ ಅವನ ಪಾಲಿಗೆ ಬಂದಿತ್ತು. ಸೋಮಾರಿಗಳು ನುಸುಳಬಾರದೆಂದು ಅವನು ಬಂದವರನ್ನೆಲ್ಲ ವಿಚಾರಿಸಿಯೇ ಒಳಗೆ ಬಿಡುತ್ತಿದ್ದ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಅಂಬಿಗರ ಕೇರಿ ಇತ್ತು. ಅರಸ ಆ ಹೊಳೆಗೆ ಸೇತುವೆ ಕಟ್ಟಿಸಿದ. ಸೇತುವೆ ಒಳ್ಳೆಯದೇ, ಜನ ಕಾಲು ನೆನೆಯದೆ ದಾಟಿದರು. ಅಂಬಿಗರ ಒಲೆ ಮಾತ್ರ ಆರಿತು. ಅರಸ ಕೆಟ್ಟವನೇನಲ್ಲ. ಕೆಲಸ ಹೋದವರಿಗೆ ದಿನಕ್ಕೊಂದು ಹೊತ್ತು ಗಂಜಿ ಕೊಡಿ ಎಂದು ಅಪ್ಪಣೆ ಮಾಡಿ, ಗಂಜಿಮನೆಗೆ ಒಬ್ಬ ಪಾರುಪತ್ತೆಗಾರನನ್ನು ನೇಮಿಸಿದ.

ಪಾರುಪತ್ತೆಗಾರ ಭಾರಿ ಜಾಣ ನೋಡು. ಕೆಲಸ ಹೋದದ್ದಕ್ಕೆ ಗುರುತು ಬೇಕಲ್ಲ? ದೋಣಿ ನಡೆಸುವ ಹುಟ್ಟನ್ನು ತಂದು ಗಂಜಿಮನೆಯ ಜಗಲಿಯ ಮೇಲೆ ಮಲಗಿಸಿದವನಿಗೆ ಮಾತ್ರ ಗಂಜಿ, ಅದೂ ಹುಟ್ಟು ಮಲಗಿಸಿದ ದಿನದಿಂದ ಒಂದು ಮಳೆಗಾಲದಷ್ಟು ದಿನ ಎಂದು ಕಟ್ಟಳೆ ಮಾಡಿದ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುತ್ತಿದ್ದ ಹೆಂಗಸರಿಗೆ ಸ್ವಂತ ಹುಟ್ಟು ಇರಲಿಲ್ಲ. ಅವರಿಗೆ ಗಂಜಿಯೂ ಇಲ್ಲವಾಯಿತು. ಆ ಅವಧಿ ಮುಗಿದವರಿಗೆ ಹುಟ್ಟನ್ನು ಹಿಂದಕ್ಕೆ ಕೊಟ್ಟು ಕಳಿಸಿದರು. ಕೆಲಸ ಅವರಿಗೆ ಆಗಲೂ ಸಿಕ್ಕಿರಲಿಲ್ಲ.

ಅಂಬಿಗರಲ್ಲಿ ಒಂದು ನಡವಳಿಕೆ ಇತ್ತು. ಬದುಕಿರುವ ಅಂಬಿಗ ತನ್ನ ಹುಟ್ಟನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಾನೆ. ಸತ್ತವನ ಹುಟ್ಟನ್ನು ಮಾತ್ರ ಹೊಳೆದಂಡೆಗೆ ಒಯ್ದು ಮಲಗಿಸುತ್ತಾರೆ. ಇದನ್ನು ಪಾರುಪತ್ತೆಗಾರನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಆ ಕೇರಿಯ ಒಬ್ಬ ಅಂಬಿಗ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಗಂಜಿಮನೆಗೆ ಬಂದ. ಮನೆಯಲ್ಲಿ ಹೆಂಡತಿ, ಮಕ್ಕಳು. ಹಿಂದಿನ ದಿನ ಒಲೆ ಹಚ್ಚಿರಲಿಲ್ಲ.

"ಒಡೆಯಾ, ಇದನ್ನಿಲ್ಲಿ ಮಲಗಿಸಿಬಿಟ್ಟರೆ ನಾಳೆ ದೋಣಿ ದಾಟಿಸುವ ಬೇರೆ ಕಡವಿಗೆ ಹೋಗಿ ಏನು ತೋರಿಸಿ ಕೆಲಸ ಕೇಳಲಿ?"

"ಹುಟ್ಟು ಹೆಗಲ ಮೇಲಿದ್ದರೆ ನೀನಿನ್ನೂ ಅಂಬಿಗನೇ. ಕಸುಬಿರುವವನಿಗೆ ಗಂಜಿ ಯಾಕಪ್ಪ? ಸರಿ ಆಚೆಗೆ, ಹಿಂದೆ ಜನ ನಿಂತಿದ್ದಾರೆ."

ಗಂಜಿಯ ಹಂಡೆ ನೋಡಿ ಅಂಬಿಗನಿಗೆ ಮಕ್ಕಳ ಮುಖ ನೆನಪಾಯಿತು. ಹುಟ್ಟನ್ನು ಹೆಗಲಿಂದ ಇಳಿಸಿದ. ಜಗಲಿಯ ಮೇಲೆ ಸಾಲಾಗಿ ಮಲಗಿದ್ದ ಹುಟ್ಟುಗಳು ಕಣ್ಣಿಗೆ ಬಿದ್ದವು. ತನ್ನ ಜೊತೆಗಾರರೆಲ್ಲ ಒಟ್ಟಿಗೇ ಸತ್ತುಹೋದರೇನೋ ಎನಿಸಿತು. ಮತ್ತೆ ಹೆಗಲಿಗೇರಿಸಿ ಹೊರಟುಬಿಟ್ಟ.

ಇತ್ತ ಅರಸನ ತಳವಾರ ಮನೆಮನೆಗೆ ಹೋಗಿ, ಕೆಲಸ ಇದೆಯೇ, ಇಲ್ಲದಿದ್ದರೆ ಹುಡುಕುತ್ತಿದ್ದೀರಾ ಎಂದು ಕೇಳಿ ಬರುತ್ತಿದ್ದ. ಆ ಅಂಬಿಗ, ನೀರು ಮೊಗೆಯುವ ಹೆಂಗಸರು, ಗಂಜಿಯ ಅವಧಿ ಮುಗಿದವರು, ಎಲ್ಲರೂ ಅವನ ಲೆಕ್ಕಕ್ಕೆ ಸಿಕ್ಕರು. ಪಾರುಪತ್ತೆಗಾರ ಜಗಲಿಯ ಮೇಲಿನ ಹುಟ್ಟುಗಳನ್ನಷ್ಟೇ ಎಣಿಸಿದ. ಆಸ್ಥಾನದಲ್ಲಿ ಎರಡನ್ನೂ ಒಪ್ಪಿಸಿದಾಗ ತಳವಾರನದು ಮೂರು ಪಟ್ಟು ದೊಡ್ಡದಿತ್ತು. ಅರಸನಿಗೆ ಚಿಕ್ಕ ಲೆಕ್ಕವೇ ಹಿತವೆನಿಸಿತು. ಉಬ್ಬಿಸಿ ಹೇಳುತ್ತೀಯೆಂದು ತಳವಾರನನ್ನು ಗದರಿದ. ಕಾಲುವೆ ತೋಡಿಸಿ ಜನಕ್ಕೆ ಕೆಲಸ ಕೊಡುವ ಯೋಚನೆಯೊಂದು ಅವನಿಗಿತ್ತು, ಅದನ್ನು ಅಲ್ಲಿಗೇ ಕೈಬಿಟ್ಟ.

ಅಂಬಿಗ ಕಡವಿನಿಂದ ಕಡವಿಗೆ ನಡೆದ. ಹೋದಲ್ಲೆಲ್ಲ ಇಲ್ಲ ಎಂದರು. ಖಾಲಿ ಹೊಟ್ಟೆಯಲ್ಲಿ ಎಷ್ಟು ದೂರ ನಡೆದಾನು? ಒಂದು ಮಧ್ಯಾಹ್ನ ದಾರಿಯಲ್ಲೇ ಕುಸಿದವನು ಮತ್ತೆ ಏಳಲಿಲ್ಲ. ದಾರಿಹೋಕರು ಹೆಣವನ್ನೂ ಹುಟ್ಟನ್ನೂ ಮನೆಗೆ ಮುಟ್ಟಿಸಿದರು.

ಮಣ್ಣು ಮಾಡಿದ ಮರುದಿನ ಹೆಂಡತಿ ಆ ಹುಟ್ಟನ್ನು ಹೊಳೆದಂಡೆಗೆ ಒಯ್ಯಲಿಲ್ಲ. ಮಕ್ಕಳು ಹಸಿದಿದ್ದವು. ಗಂಜಿಮನೆಗೆ ತಂದು ಜಗಲಿಯ ಮೇಲೆ ಮಲಗಿಸಿದಳು.

ಪಾರುಪತ್ತೆಗಾರ ಹುಟ್ಟಿನ ಗುರುತು ಹಿಡಿದ. "ಅಂತೂ ನಿನ್ನ ಗಂಡನಿಗೆ ಬುದ್ಧಿ ಬಂತಲ್ಲ ತಾಯಿ. ಗಂಜಿಗೆ ಅವನೇ ಬರಬೇಕು, ಕಳಿಸು" ಎಂದ.

ಸತ್ತವರಿಗೆ ಗಂಜಿಯಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಹುಟ್ಟನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ನಡೆದಳು.

ಆ ದಿನ ಪಾರುಪತ್ತೆಗಾರನ ಲೆಕ್ಕದಲ್ಲಿ ಒಂದು ಹೆಚ್ಚಾಯಿತು, ತಳವಾರನ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು. ಎರಡು ಲೆಕ್ಕಗಳೂ ಹತ್ತಿರವಾಗುತ್ತಿವೆ ಎಂದು ಕೇಳಿ ಅರಸನಿಗೆ ಸಂತೋಷವಾಯಿತು.

ಕತೆ ಮುಗಿದಾಗ ಅಡವಯ್ಯನ ಕಣ್ಣು ಒದ್ದೆಯಾಗಿತ್ತು. "ಎಂಥ ಕಲ್ಲೆದೆಯವನು ಗುರುಗಳೇ, ಆ ಪಾರುಪತ್ತೆಗಾರ" ಎಂದ.

ಗುರುಗಳು ಕೇಳಿದರು: "ಅದಿರಲಿ ಅಡವಯ್ಯ, ದಾಸೋಹದ ಬಾಗಿಲಲ್ಲಿ ನೀನು ಏನೇನು ಕೇಳಿ ಒಳಗೆ ಬಿಡುತ್ತೀಯೆ?"